ಸಿಮ್ ಕಳೆದವರ ಹೊಣೆ ಯಾರದು?

ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತುವ ನೂಕುನುಗ್ಗಲಿನಲ್ಲಿ ಫೋನು ಕಳೆದುಕೊಂಡವರು ಮೊದಲು ಮಾಡುವ ಕೆಲಸ ಒಂದೇ. ಪಕ್ಕದವರ ಫೋನು ಇಸಿದುಕೊಂಡು ತಮ್ಮದೇ ನಂಬರಿಗೆ ಕರೆ ಮಾಡುತ್ತಾರೆ. ಒಂದು ಸಲ ರಿಂಗಾಗುತ್ತದೆ, ಎರಡನೆಯ ಸಲ ಕಟ್ಟಾಗುತ್ತದೆ, ಮೂರನೆಯ ಸಲ ಸ್ವಿಚ್ ಆಫ್. ಅಲ್ಲಿಗೆ ಫೋನಿನ ಆಸೆ ಬಿಟ್ಟಂತೆಯೇ. ನಿಜವಾದ ಗಾಬರಿ ಶುರುವಾಗುವುದು ಆಮೇಲೆ. ಮನೆಗೆ ಸುದ್ದಿ ಮುಟ್ಟಿಸೋಣವೆಂದರೆ ಮನೆಯವರ ನಂಬರು ಬಾಯಿಗೆ ಬರುವುದಿಲ್ಲ. ಆಟೋ ಹತ್ತೋಣವೆಂದರೆ ಜೇಬಿನಲ್ಲಿ ನೋಟಿಲ್ಲ, ಇದ್ದಬದ್ದ ಹಣವೆಲ್ಲ ಯುಪಿಐಯಲ್ಲಿ. ಬ್ಯಾಂಕಿನ ಸಹಾಯವಾಣಿಗೆ ಕರೆ ಮಾಡಿದರೆ ಆ ಕಡೆಯ ದನಿ ಕೇಳುವ ಮೊದಲ ಪ್ರಶ್ನೆ: ‘ನಿಮ್ಮ ನೋಂದಾಯಿತ ಮೊಬೈಲಿಗೆ ಓಟಿಪಿ ಬಂದಿದೆ, ಹೇಳ್ತೀರಾ?’

ಆ ಓಟಿಪಿ ಆ ಹೊತ್ತಿಗೆ ಯಾರ ಕೈಯಲ್ಲಿದೆ ಎಂಬುದೇ ಪ್ರಶ್ನೆ.

ಹತ್ತು ಹದಿನೈದು ಸಾವಿರದ ಫೋನು ಹೋದರೆ ಅದರ ನಷ್ಟಕ್ಕೆ ಒಂದು ಲೆಕ್ಕವಿದೆ. ಅದರೊಳಗಿನ ಉಗುರಿನಷ್ಟು ಅಗಲದ ಸಿಮ್ಮು ಹೋದರೆ ಆಗುವ ನಷ್ಟಕ್ಕೆ ಲೆಕ್ಕವಿಲ್ಲ. ಬ್ಯಾಂಕು, ಆಧಾರ್, ಗ್ಯಾಸ್ ಬುಕಿಂಗು, ಮಗಳ ಕಾಲೇಜಿನ ಸಂದೇಶ, ಗೃಹಲಕ್ಷ್ಮಿಯ ಎರಡು ಸಾವಿರ ಜಮೆಯಾಯಿತೆಂಬ ಸುದ್ದಿ, ಎಲ್ಲವೂ ಆ ಹತ್ತು ಅಂಕಿಗಳ ಬಾಗಿಲಿನಿಂದಲೇ ಒಳಬರಬೇಕು. ಹೀಗಿದ್ದೂ ಆ ಬಾಗಿಲಿನ ಕೀಲಿ ಕಳೆದಾಗ ಅದನ್ನು ಮರಳಿ ಪಡೆಯುವ ವ್ಯವಸ್ಥೆ ಮಾತ್ರ ಇಂದಿಗೂ ಒಂದು ಅಂಗಡಿ ವ್ಯವಹಾರದಂತೆ ನಡೆಯುತ್ತಿದೆ. ಹೊಣೆಯ ಭಾರವೆಲ್ಲ ಕಳೆದುಕೊಂಡವರ ಹೆಗಲ ಮೇಲಿದೆ. ನಂಬರನ್ನೇ ನಂಬಿ ವ್ಯವಹಾರ ಕಟ್ಟಿಕೊಂಡ ಬ್ಯಾಂಕು, ಮೊಬೈಲ್ ಕಂಪನಿ ಮತ್ತು ಸರ್ಕಾರಿ ಇಲಾಖೆಗಳ ಮೇಲೆ ಅದರ ಕಾಲುಭಾಗವೂ ಬಿದ್ದಿಲ್ಲ. ಈ ತಕ್ಕಡಿ ಸರಿಯಾಗಬೇಕು.

ಸಿಮ್ ಹುಟ್ಟಿದ್ದು ಇಂಥ ಹೊರೆ ಹೊರುವುದಕ್ಕಲ್ಲ. 1991ರಲ್ಲಿ ಮ್ಯೂನಿಕ್‌ನ ಗೀಸೆಕೆ ಅಂಡ್ ಡೆವ್ರಿಯೆಂಟ್ ಕಂಪನಿ ಫಿನ್‌ಲೆಂಡಿನ ರೇಡಿಯೋಲಿಂಜಾ ಎಂಬ ಮೊಬೈಲ್ ಸಂಸ್ಥೆಗೆ ಮೊದಲ 300 ಸಿಮ್‌ಗಳನ್ನು ಮಾರಿದಾಗ ಅವುಗಳ ಗಾತ್ರ ಇಂದಿನ ಎಟಿಎಂ ಕಾರ್ಡಿನಷ್ಟಿತ್ತು. ಕೆಲಸವೂ ಸರಳ: ಈ ಕರೆ ಯಾವ ಗ್ರಾಹಕನದು, ಬಿಲ್ಲು ಯಾರ ಹೆಸರಿಗೆ ಹಾಕಬೇಕು ಎಂದು ನೆಟ್‌ವರ್ಕಿಗೆ ತಿಳಿಸುವುದು. ಭಾರತದಲ್ಲಿ 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕೇಂದ್ರ ದೂರಸಂಪರ್ಕ ಸಚಿವ ಸುಖರಾಮ್ ಅವರಿಗೆ ಮೊದಲ ಮೊಬೈಲ್ ಕರೆ ಮಾಡಿದಾಗಲೂ ಅಷ್ಟೇ. ನಂಬರೆಂದರೆ ಮಾತಾಡುವ ವಿಳಾಸ, ಅದಕ್ಕಿಂತ ಹೆಚ್ಚೇನೂ ಅಲ್ಲ. ಮುಂದೆ ಬ್ಯಾಂಕುಗಳು ಓಟಿಪಿ ಕಳಿಸತೊಡಗಿದವು. 2016ರಲ್ಲಿ ಯುಪಿಐ ಬಂತು. ಆ ಆ್ಯಪ್‌ಗಳು ಫೋನಿನಲ್ಲಿರುವ ಸಿಮ್ಮಿನಿಂದಲೇ ಒಂದು ಎಸ್ಸೆಮ್ಮೆಸ್ ಕಳಿಸಿ ಖಾತೆದಾರರನ್ನು ಗುರುತು ಹಿಡಿಯುತ್ತವೆ. ಬಿಲ್ಲಿನ ಚೀಟಿ ತಿಜೋರಿಯ ಕೀಲಿಯಾಯಿತು. ಚೀಟಿ ಬರೆದುಕೊಡುವ ಕೌಂಟರು ಮಾತ್ರ ಹಾಗೆಯೇ ಉಳಿಯಿತು.

ಕಳೆದ ನಂಬರು ಮರಳಿ ಸಿಗುವುದಾದರೂ ಹೇಗೆ? ನೆಟ್‌ವರ್ಕು ಸಿಮ್ಮನ್ನು ಗುರುತಿಸುವುದು ಫೋನ್ ನಂಬರಿನಿಂದಲ್ಲ, ಐಎಂಎಸ್‌ಐ ಎಂಬ ಇನ್ನೊಂದು ಸಂಖ್ಯೆಯಿಂದ. ಅದರ ಜೊತೆಗೊಂದು ಗುಪ್ತ ಸಂಕೇತವಿರುತ್ತದೆ. ಅದರ ಒಂದು ಪ್ರತಿ ಚಿಪ್ಪಿನಲ್ಲಿ, ಇನ್ನೊಂದು ಕಂಪನಿಯ ಕಂಪ್ಯೂಟರಿನಲ್ಲಿ. ಈ ನಂಬರು ಈ ಸಿಮ್ಮಿಗೆ ಸೇರಿದ್ದು ಎಂಬ ಜೋಡಣೆ ಇರುವುದು ಕಂಪನಿಯ ದಾಖಲೆಯಲ್ಲಿ. ಹೊಸ ಸಿಮ್ ಕೊಡುವುದೆಂದರೆ ಆ ದಾಖಲೆಯಲ್ಲಿ ಒಂದು ಸಾಲು ಬದಲಿಸುವುದು. ಕೌಂಟರಿನ ಹುಡುಗ ಹೊಸ ಕಾರ್ಡಿನ ಬಾರ್‌ಕೋಡ್ ಸ್ಕ್ಯಾನ್ ಮಾಡುತ್ತಾನೆ, ಗ್ರಾಹಕರ ಮುಖಕ್ಕೆ ಫೋನು ಹಿಡಿದು ಫೋಟೊ ತೆಗೆಯುತ್ತಾನೆ, ಪ್ಲಾಸ್ಟಿಕ್ ಚೌಕಟ್ಟಿನಿಂದ ಚಿಪ್ಪು ಮುರಿದು ಕೈಗಿಡುತ್ತಾನೆ: ‘ಎರಡ್ ಗಂಟೆ ಬಿಟ್ಟು ಆಫ್ ಮಾಡಿ ಆನ್ ಮಾಡಿ.’ ಅಷ್ಟರಲ್ಲಿ ಹಳೆಯ ಸಿಮ್ಮು, ಅದು ಯಾರ ಜೇಬಿನಲ್ಲಿದ್ದರೂ, ಸತ್ತಿರುತ್ತದೆ.

ನಿಜವಾದ ಒಡೆಯರಿಗೆ ಇದು ವರ. ಕಳ್ಳನ ಪಾಲಿಗೂ ವರವೇ. ಒಡೆಯನಂತೆ ನಟಿಸಿ ಕೌಂಟರು ದಾಟಿದವನಿಗೆ ಫೋನು ಕದಿಯುವ ಕಷ್ಟವೂ ಬೇಡ. 2018ರ ಡಿಸೆಂಬರಿನಲ್ಲಿ ಮುಂಬೈಯ ಮಾಹಿಮ್‌ನ ಒಬ್ಬ ಜವಳಿ ವ್ಯಾಪಾರಿಯ ಫೋನಿಗೆ ನಡುರಾತ್ರಿ ಆರು ಮಿಸ್ಡ್ ಕಾಲ್ ಬಂದಿದ್ದವು. ಬೆಳಗ್ಗೆ ಎದ್ದು ನೋಡಿದರೆ ಸಿಮ್ ಕೆಲಸ ಮಾಡುತ್ತಿರಲಿಲ್ಲ. ವಿಚಾರಿಸಿದಾಗ, ಸಿಮ್ ಬದಲಿಸಲು ರಾತ್ರಿಯೇ ಅವರ ಹೆಸರಿನಲ್ಲಿ ಕೋರಿಕೆ ಹೋಗಿತ್ತೆಂದು ತಿಳಿಯಿತು. ಅಷ್ಟರಲ್ಲಿ ₹1.86 ಕೋಟಿ ಹಲವು ಖಾತೆಗಳಿಗೆ ಹರಿದುಹೋಗಿತ್ತು. 2019ರ ಆಗಸ್ಟ್‌ನಲ್ಲಿ ಟ್ವಿಟರ್‌ನ ಮುಖ್ಯಸ್ಥರಾಗಿದ್ದ ಜ್ಯಾಕ್ ಡಾರ್ಸಿ ಅವರ ಸ್ವಂತ ಟ್ವಿಟರ್ ಖಾತೆಯೇ ಇದೇ ದಾರಿಯಲ್ಲಿ ಕಳ್ಳರ ಕೈಗೆ ಹೋಯಿತು. 2021ರ ಒಂದೇ ವರ್ಷದಲ್ಲಿ ಅಮೆರಿಕದ ಎಫ್‌ಬಿಐಗೆ ಇಂಥ 1,611 ದೂರುಗಳು ಬಂದವು. ಕಳೆದುಹೋದ ಹಣ 6.8 ಕೋಟಿ ಡಾಲರಿಗೂ ಹೆಚ್ಚು.

ಹಾಗಾದರೆ ನಿಯಮ ಬಿಗಿ ಮಾಡಿದರೆ ಸಾಕಲ್ಲವೇ ಎಂದು ಯಾರಿಗಾದರೂ ಅನಿಸುತ್ತದೆ. ಸರ್ಕಾರವೂ ಆ ದಾರಿಯಲ್ಲಿ ನಡೆದಿದೆ, ಅದಕ್ಕೆ ಕಾರಣಗಳೂ ಇವೆ. ಸಿಮ್ ಬದಲಾದ ಮೇಲೆ 24 ಗಂಟೆ ಆ ನಂಬರಿಗೆ ಎಸ್ಸೆಮ್ಮೆಸ್ ಬರುವುದನ್ನೂ ಹೋಗುವುದನ್ನೂ ತಡೆಯಬೇಕೆಂದು ದೂರಸಂಪರ್ಕ ಇಲಾಖೆ 2022ರಲ್ಲಿ ಆದೇಶಿಸಿತು. ಕಳ್ಳ ಹೊಸ ಸಿಮ್ ಪಡೆದರೂ ಒಂದು ದಿನ ಓಟಿಪಿ ಕಾಣಬಾರದು, ನಿಜವಾದ ಒಡೆಯ ಅಷ್ಟರಲ್ಲಿ ಎಚ್ಚೆತ್ತುಕೊಳ್ಳಬೇಕು ಎಂಬುದು ಲೆಕ್ಕ. 2023ರಲ್ಲಿ ಸಿಮ್ ಮಾರುವ ಅಂಗಡಿಗಳ ನೋಂದಣಿ ಕಡ್ಡಾಯವಾಯಿತು, ಬದಲಿ ಸಿಮ್ಮಿಗೂ ಹೊಸ ಸಿಮ್ಮಿನಂತೆಯೇ ಗುರುತು ಪರಿಶೀಲನೆ ಬೇಕೆಂದಾಯಿತು. 2024ರ ಜುಲೈ 1ರಿಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಇನ್ನೊಂದು ಬೇಲಿ ಹಾಕಿತು: ಸಿಮ್ ಬದಲಾದ ಏಳು ದಿನದೊಳಗೆ ಆ ನಂಬರನ್ನು ಬೇರೆ ಕಂಪನಿಗೆ ಪೋರ್ಟ್ ಮಾಡುವಂತಿಲ್ಲ. ವಂಚನೆಯಿಂದ, ಬೇರೆಯವರ ಸೋಗಿನಲ್ಲಿ ಸಿಮ್ ಪಡೆದವರಿಗೆ 2023ರ ದೂರಸಂಪರ್ಕ ಕಾಯ್ದೆ ಮೂರು ವರ್ಷದವರೆಗೆ ಜೈಲು, ಐವತ್ತು ಲಕ್ಷದವರೆಗೆ ದಂಡ ಹೇಳುತ್ತದೆ.

ಒಂದು ದಿನ ಎಸ್ಸೆಮ್ಮೆಸ್ ಇಲ್ಲದೆ ಒದ್ದಾಡುವುದು ಜೀವಮಾನದ ಉಳಿತಾಯ ಕಳೆದುಕೊಳ್ಳುವುದಕ್ಕಿಂತ ವಾಸಿ. ಈ ನಿಯಮಗಳು ತಪ್ಪಲ್ಲ. ಆದರೆ ಪ್ರತಿ ಬೇಲಿಯೂ ಕಳ್ಳನನ್ನು ತಡೆಯುವುದರ ಜೊತೆಗೆ ಮನೆಯವರನ್ನೂ ಹೊರಗೇ ನಿಲ್ಲಿಸುತ್ತದೆ ಎಂಬುದನ್ನು ಯಾರೂ ಗಟ್ಟಿಯಾಗಿ ಹೇಳುತ್ತಿಲ್ಲ.

ಪರ್ಸು ಮತ್ತು ಫೋನು ಒಟ್ಟಿಗೇ ಕಳೆದವರ ಸ್ಥಿತಿ ನೋಡಿದರೆ ಇದು ಅರ್ಥವಾಗುತ್ತದೆ. ಬದಲಿ ಸಿಮ್ಮಿಗೆ ಗುರುತಿನ ಚೀಟಿ ಬೇಕು. ಗುರುತಿನ ಚೀಟಿ ಪರ್ಸಿನಲ್ಲಿತ್ತು. ಇ-ಆಧಾರ್ ಇಳಿಸಿಕೊಳ್ಳೋಣವೆಂದರೆ ಅದಕ್ಕೆ ಓಟಿಪಿ ಬೇಕು. ಡಿಜಿಲಾಕರ್ ತೆರೆಯಲೂ ಓಟಿಪಿ. ಓಟಿಪಿ ಬರಬೇಕಾದದ್ದು ಕಳೆದುಹೋದ ಸಿಮ್ಮಿಗೆ. ಅಂಗಡಿಯವರು ಪೊಲೀಸರ ಹಿಂಬರಹ ತನ್ನಿ ಎಂದರೆ ಠಾಣೆಗೆ ಹೋಗಬೇಕು. ಕಳವಾಗಿದೆ ಎಂದು ಠಾಣೆಗೆ ಹೋದವರಿಗೆ ‘ಕಳೆದುಹೋಗಿದೆ ಅಂತ ಬರ್ಕೊಡಿ, ಬೇಗ ಆಗುತ್ತೆ’ ಎಂಬ ಸಲಹೆ ಸಿಗುವುದು ಅಪರೂಪವೇನಲ್ಲ. ಆ ಒಂದು ಪದದ ಬದಲಾವಣೆಯಿಂದ ಅಪರಾಧವೇ ಮಾಯವಾಗುತ್ತದೆ. ಕೈಯಿಂದ ಕಿತ್ತುಕೊಂಡು ಓಡುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಪ್ರತ್ಯೇಕ ಕಲಮು ಇದೆ, 304. ‘ಎಲ್ಲೋ ಬಿದ್ದುಹೋಯಿತು’ ಎಂಬುದಕ್ಕೆ ಯಾವ ಕಲಮೂ ಇಲ್ಲ. ನಾಳೆ ಆ ನಂಬರಿನಿಂದ ಯಾರಿಗೋ ಮೋಸವಾದರೆ ಒಡೆಯರ ಕೈಯಲ್ಲಿ ಉಳಿಯುವ ಸಾಕ್ಷಿ ಆ ದುರ್ಬಲ ಚೀಟಿ ಮಾತ್ರ.

2023ರ ಮೇ ತಿಂಗಳಲ್ಲಿ ದೇಶಕ್ಕೆಲ್ಲ ತೆರೆದ ಸಂಚಾರ್ ಸಾಥಿ ಪೋರ್ಟಲ್ ಒಳ್ಳೆಯ ಕೆಲಸ ಮಾಡುತ್ತಿದೆ. ಕಳೆದ ಫೋನಿನ 15 ಅಂಕಿಗಳ ಐಎಂಇಐ ಸಂಖ್ಯೆ ಕೊಟ್ಟರೆ ಆ ಫೋನು ದೇಶದ ಯಾವ ನೆಟ್‌ವರ್ಕಿನಲ್ಲೂ ನಡೆಯದಂತೆ ತಡೆಯಬಹುದು. ಒಬ್ಬರ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂದೂ ಅದರಲ್ಲೇ ನೋಡಬಹುದು. ಆದರೆ ಅಲ್ಲಿ ಅರ್ಜಿ ಹಾಕಲು ಪೊಲೀಸ್ ದೂರಿನ ಪ್ರತಿ ಬೇಕು, ಓಟಿಪಿ ಬರುವ ಒಂದು ನಂಬರೂ ಬೇಕು. ಇನ್ನೊಂದು ಮಾತು: ಐಎಂಇಐ ತಡೆಯುವುದೆಂದರೆ ಫೋನನ್ನು ತಡೆಯುವುದು. ಸಿಮ್ಮನ್ನು ಕಂಪನಿಯೇ ಬಂದ್ ಮಾಡಬೇಕು. ಮೊದಲು ಫೋನಿನ ಹಿಂದೆ ಓಡಿ ಸಿಮ್ಮನ್ನು ಮರುದಿನಕ್ಕೆ ಬಿಟ್ಟವರು ಕಳ್ಳನಿಗೆ ಒಂದು ರಾತ್ರಿ ಉಚಿತವಾಗಿ ಕೊಟ್ಟಂತಾಗುತ್ತದೆ.

ಆ ಒಂದು ರಾತ್ರಿಯಲ್ಲಿ ಏನಾಗಬಹುದು? ಫೋನಿಗೆ ಬೆರಳಚ್ಚಿನ ಬೀಗವಿದ್ದರೂ ಸಿಮ್ಮನ್ನು ತೆಗೆದು ಬೇರೆ ಫೋನಿಗೆ ಹಾಕಲು ಒಂದು ಗುಂಡುಪಿನ್ನು ಸಾಕು. ಎಷ್ಟೋ ಜನ ಎಟಿಎಂ ಕಾರ್ಡನ್ನೂ ಆಧಾರ್ ಜೆರಾಕ್ಸನ್ನೂ ಫೋನಿನ ಹಿಂದಿನ ಕವರಿನಲ್ಲೇ ಮಡಚಿಟ್ಟಿರುತ್ತಾರೆ. ಯುಪಿಐ ಪಿನ್ ಹೊಸದಾಗಿ ಹಾಕಲು ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ, ಅದರ ಅವಧಿ ಮತ್ತು ಓಟಿಪಿ ಸಾಕು. ಕಾರ್ಡಿಲ್ಲದವರ ಅನುಕೂಲಕ್ಕೆಂದು ಆಧಾರ್‌ನ ಮೊದಲ ಆರು ಅಂಕಿ ಮತ್ತು ಓಟಿಪಿಯಿಂದಲೂ ಪಿನ್ ಹಾಕುವ ದಾರಿ ಇದೆ. ಬಡವರಿಗೆ ಅನುಕೂಲವಾಗಲೆಂದು ತೆರೆದ ಬಾಗಿಲು ಸಿಮ್ ಕದ್ದವನಿಗೂ ತೆರೆದೇ ಇರುತ್ತದೆ.

ಇದನ್ನು ತಡೆಯುವ ಒಂದು ಉಪಾಯ ಪ್ರತಿ ಸಿಮ್ಮಿನಲ್ಲೂ ಇದೆ. ಅದರ ಹೆಸರು ಸಿಮ್ ಪಿನ್. ಅದನ್ನು ಹಾಕಿಟ್ಟರೆ ಸಿಮ್ಮನ್ನು ಬೇರೆ ಫೋನಿಗೆ ಹಾಕಿದಾಗ ಅದು ಪಿನ್ ಕೇಳುತ್ತದೆ. ಮೂರು ಸಲ ತಪ್ಪಾದರೆ ಲಾಕ್ ಆಗುತ್ತದೆ, ಆಮೇಲೆ ಕಂಪನಿ ಕೊಡುವ ಪಿಯುಕೆ ಸಂಖ್ಯೆ ಇಲ್ಲದೆ ತೆರೆಯುವುದಿಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಎರಡು ನಿಮಿಷದ ಕೆಲಸ. ಆದರೆ ಸಿಮ್ ಮಾರುವ ಯಾವ ಕೌಂಟರಿನಲ್ಲೂ ಅದನ್ನು ಹೇಳಿಕೊಡುವವರಿಲ್ಲ. ರೀಚಾರ್ಜ್ ಪ್ಲಾನುಗಳ ಬಗ್ಗೆ ದಿನಕ್ಕೆ ನಾಲ್ಕು ಸಂದೇಶ ಕಳಿಸುವ ಕಂಪನಿಗಳು ವರ್ಷಕ್ಕೊಮ್ಮೆ ಇದರ ಬಗ್ಗೆ ಕನ್ನಡದಲ್ಲಿ ಒಂದು ಸಂದೇಶ ಕಳಿಸಿದರೆ ಅದಕ್ಕೆ ತಗಲುವ ಖರ್ಚಾದರೂ ಎಷ್ಟು?

ಇಷ್ಟಕ್ಕೂ ಇದೆಲ್ಲ ಸಿಮ್ ತಮ್ಮ ಹೆಸರಿನಲ್ಲೇ ಇರುವವರ ಮಾತು. ಹಳ್ಳಿಗಳಲ್ಲಿ ಹೆಂಗಸರ ಫೋನಿನ ಸಿಮ್ ಗಂಡನ ಹೆಸರಿನಲ್ಲೋ ಮಗನ ಹೆಸರಿನಲ್ಲೋ ಇರುವುದು ಸಾಮಾನ್ಯ. ಹತ್ತು ವರ್ಷ ಅದೇ ನಂಬರು ಬಳಸಿರುತ್ತಾರೆ. ಸ್ವಸಹಾಯ ಸಂಘದ ಲೆಕ್ಕ, ಬ್ಯಾಂಕ್ ಪಾಸ್‌ಬುಕ್ಕು, ಪಡಿತರ ಚೀಟಿ ಎಲ್ಲದರಲ್ಲೂ ಅದೇ ನಂಬರಿರುತ್ತದೆ. ಸಿಮ್ ಕಳೆದ ದಿನ ಕೌಂಟರಿಗೆ ಹೋದರೆ ಕಂಪ್ಯೂಟರು ಬೇರೆ ಹೆಸರು ತೋರಿಸುತ್ತದೆ: ‘ಯಾರ ಹೆಸರಲ್ಲಿದೆಯೋ ಅವರೇ ಬರಬೇಕಮ್ಮ.’ ಮಗ ದುಡಿಯಲು ದೂರದೂರಿಗೆ ಹೋಗಿರುತ್ತಾನೆ, ಅಥವಾ ಗಂಡ ತೀರಿಕೊಂಡಿರುತ್ತಾನೆ. ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ, ಮನೆಯವರ ಒಪ್ಪಿಗೆ ಎಂದು ಇನ್ನೊಂದು ಸುತ್ತು. ಸುತ್ತಿ ಸಾಕಾಗಿ ಆಕೆ ಹೊಸ ನಂಬರು ಕೊಳ್ಳುತ್ತಾಳೆ. ಅಲ್ಲಿಂದ ಬ್ಯಾಂಕಿಗೊಂದು ಅರ್ಜಿ, ಆಧಾರ್ ಕೇಂದ್ರದಲ್ಲಿ ಒಂದು ಸರದಿ, ಗ್ಯಾಸ್ ಏಜೆನ್ಸಿಗೊಂದು ಓಡಾಟ. ಒಂದೊಂದಕ್ಕೂ ಒಂದೊಂದು ದಿನದ ಕೂಲಿ ಹೋಗುತ್ತದೆ. ಹಳೆಯ ನಂಬರು ಬಂದ್ ಆದ 90 ದಿನಗಳ ಬಳಿಕ ಬೇರೆಯವರಿಗೆ ಹೋಗಬಹುದು. ಅಷ್ಟರೊಳಗೆ ಎಲ್ಲ ಕಡೆ ಬದಲಿಸದಿದ್ದರೆ ಆಕೆಯ ಖಾತೆಯ ಸಂದೇಶಗಳು ಅಪರಿಚಿತರ ಫೋನಿನಲ್ಲಿ ಟಿಂಗೆನ್ನುತ್ತವೆ.

ದುಬೈಯಲ್ಲೋ ಮಸ್ಕತ್‌ನಲ್ಲೋ ದುಡಿಯುವ ಮಂಗಳೂರು, ಭಟ್ಕಳದವರಿಗೂ ಈ ನೋವು ಗೊತ್ತು. ಊರಿನ ಬ್ಯಾಂಕ್ ಖಾತೆಗೆ ಜೋಡಿಸಿದ ಊರಿನ ಸಿಮ್ ಅಲ್ಲಿ ಕಳೆದರೆ ಬದಲಿಗಾಗಿ ರಜೆ ಹಾಕಿ ಊರಿಗೆ ಬರಬೇಕು. 2023ರಲ್ಲಿ ಯುಎಇ, ಒಮಾನ್, ಸೌದಿ, ಕತಾರ್ ಸೇರಿ ಹತ್ತು ದೇಶಗಳ ನಂಬರುಗಳಿಂದ ಅನಿವಾಸಿಗಳ ಎನ್‌ಆರ್‌ಇ, ಎನ್‌ಆರ್‌ಓ ಖಾತೆಗಳಿಗೆ ಯುಪಿಐ ಬಳಸಲು ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ಅವಕಾಶ ಕೊಟ್ಟದ್ದು ದೊಡ್ಡ ಸಮಾಧಾನ. ಮನಸ್ಸು ಮಾಡಿದರೆ ವ್ಯವಸ್ಥೆ ಬದಲಾಗುತ್ತದೆ ಎಂಬುದಕ್ಕೆ ಅದೇ ಸಾಕ್ಷಿ.

ಇಲ್ಲಿ ಕರ್ನಾಟಕದ ಒಂದು ಹೆಸರು ನೆನಪಾಗಬೇಕು. ರಾಜ್ಯ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 26ರಂದು ಮೊಬೈಲ್ ಸಂಪರ್ಕಕ್ಕೆ ಆಧಾರ್ ಜೋಡಣೆ ಕಡ್ಡಾಯ ಮಾಡುವಂತಿಲ್ಲ ಎಂದಿತು. ನಾಗರಿಕರ ಖಾಸಗಿ ಬದುಕಿಗೆ ಅದು ದೊಡ್ಡ ಆಸರೆ. ಆದರೆ ನಿತ್ಯದ ಬದುಕಿನಲ್ಲಿ ಗಂಟು ಇನ್ನೊಂದು ಕಡೆಯಿಂದ ಬಿತ್ತು. ಸಿಮ್ಮಿಗೆ ಆಧಾರ್ ಕಡ್ಡಾಯವಲ್ಲ, ಸರಿ. ಆಧಾರ್‌ನ ಹೆಚ್ಚಿನ ಆನ್‌ಲೈನ್ ಸೇವೆಗಳಿಗೆ ಮಾತ್ರ ಸಿಮ್ಮು ಬೇಕೇಬೇಕು. ನಂಬರನ್ನು ಗುರುತಿನ ಚೀಟಿಯಾಗಿ ಬಳಸುವವರು ಅದನ್ನು ಗುರುತಿನ ಚೀಟಿಯೆಂದು ಒಪ್ಪಿಕೊಂಡಿಲ್ಲ. ಪಾಸ್‌ಪೋರ್ಟು ಕಳೆದರೆ ಉತ್ತರ ಕೊಡಬೇಕಾದ ಒಂದು ಕಚೇರಿ ಇದೆ. ನಂಬರು ಕಳೆದರೆ ಬ್ಯಾಂಕು ಕಂಪನಿಯತ್ತ ಕೈ ತೋರಿಸುತ್ತದೆ, ಕಂಪನಿ ಠಾಣೆಯತ್ತ.

ಬ್ಯಾಂಕುಗಳ ಹೊಣೆಯನ್ನು ರಿಸರ್ವ್ ಬ್ಯಾಂಕು ಹೇಳದೆ ಬಿಟ್ಟಿಲ್ಲ. 2017ರ ಜುಲೈ 6ರ ಸುತ್ತೋಲೆಯ ಪ್ರಕಾರ ಗ್ರಾಹಕರ ತಪ್ಪಿಲ್ಲದೆ ಮೂರನೆಯವರಿಂದಾದ ಮೋಸವನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಸೊನ್ನೆ. ತಪ್ಪು ಗ್ರಾಹಕರದ್ದೆಂದು ಸಾಬೀತು ಮಾಡಬೇಕಾದದ್ದು ಬ್ಯಾಂಕು. ಕಾಗದದ ಮೇಲೆ ಇದು ನ್ಯಾಯವಾಗಿದೆ. ವ್ಯವಹಾರದಲ್ಲಿ ‘ಗ್ರಾಹಕರ ನಿರ್ಲಕ್ಷ್ಯ’ ಎಂಬ ಎರಡು ಪದಗಳು ಎಷ್ಟೋ ದೂರುಗಳನ್ನು ನುಂಗುತ್ತವೆ. ಸಿಮ್ ಕಳೆದದ್ದೇ ನಿರ್ಲಕ್ಷ್ಯವೆನ್ನುವ ಧಾಟಿ ಅದು.

ರಾಜಸ್ಥಾನದ ಒಂದು ಪ್ರಕರಣ ಬೇರೆ ದಾರಿ ತೋರಿಸಿತು. 2017ರ ಮೇ ತಿಂಗಳಲ್ಲಿ ಅಲ್ಲಿನ ಒಬ್ಬ ಗ್ರಾಹಕರ ನಂಬರು ಇದ್ದಕ್ಕಿದ್ದಂತೆ ನಿಂತಿತು. ಹೊಸ ಸಿಮ್ ಪಡೆದರೂ ಅದು ಕೂಡಲೇ ಚಾಲೂ ಆಗಲಿಲ್ಲ. ಅದೇ ನಂಬರಿನ ಸಿಮ್ಮನ್ನು ಕಂಪನಿ ಸರಿಯಾಗಿ ಪರಿಶೀಲಿಸದೆ ಬೇರೊಂದು ಊರಿನಲ್ಲಿ ಬೇರೊಬ್ಬನಿಗೆ ಕೊಟ್ಟಿತ್ತು. ಖಾತೆಯಿಂದ ₹68.5 ಲಕ್ಷ ಹೋಯಿತು, ಒಂದು ಪಾಲು ಮಾತ್ರ ವಾಪಸು ಬಂತು. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ವಿಚಾರಣೆ ನಡೆಸಿದ ಅಲ್ಲಿನ ಅಧಿಕಾರಿ ಮೊಬೈಲ್ ಕಂಪನಿಯೇ ₹27 ಲಕ್ಷಕ್ಕೂ ಹೆಚ್ಚು ತುಂಬಿಕೊಡಬೇಕೆಂದು 2021ರಲ್ಲಿ ಆದೇಶಿಸಿದರು. ಈ ಕಾಯ್ದೆಯ 46ನೇ ಕಲಮು ಪ್ರತಿ ರಾಜ್ಯದಲ್ಲೂ ಇಂಥ ವಿಚಾರಣೆಗೆ ಅವಕಾಶ ಕೊಡುತ್ತದೆ. ರಾಜ್ಯದ ಮಾಹಿತಿ ತಂತ್ರಜ್ಞಾನ ಕಾರ್ಯದರ್ಶಿಯೇ ಆ ಅಧಿಕಾರಿ, ₹5 ಕೋಟಿವರೆಗಿನ ನಷ್ಟದ ದೂರನ್ನು ಅವರು ಕೇಳಬಹುದು. ಅದು ಕರ್ನಾಟಕಕ್ಕೂ ಅನ್ವಯಿಸುತ್ತದೆ. ಆದರೆ ನ್ಯಾಯ ಸಿಗಲು ನಾಲ್ಕು ವರ್ಷ ಹಿಡಿದದ್ದನ್ನೂ ಮರೆಯುವಂತಿಲ್ಲ. ಅಷ್ಟು ಕಾಲ ಕಾಯುವ ಶಕ್ತಿ ದಿನಗೂಲಿಯವರಿಗಿಲ್ಲ.

ಬಿಗಿ ಮಾಡಿದರೆ ಬಡವರಿಗೆ ತೊಂದರೆ, ಸಡಿಲ ಮಾಡಿದರೆ ಕಳ್ಳರಿಗೆ ಹಬ್ಬ. ಹಾಗಿದ್ದರೆ ಪರಿಹಾರವೇನು ಎಂಬ ಆಕ್ಷೇಪ ನ್ಯಾಯವಾದದ್ದೇ. ಉತ್ತರವಿರುವುದು ಪರಿಶೀಲನೆಯ ಜಾಗವನ್ನು ಬದಲಿಸುವುದರಲ್ಲಿ. ಕಳ್ಳನಿಗೆ ಬೇಕಾದದ್ದು ಸಿಮ್ಮಲ್ಲ, ಸಿಮ್ಮಿನ ಹಿಂದಿರುವ ಹಣ. ಕೌಂಟರಿನಲ್ಲಿ ಇನ್ನಷ್ಟು ಕಾಗದ ಕೇಳುವ ಬದಲು ಹಣ ಹೊರಡುವ ಜಾಗದಲ್ಲಿ ಒಂದು ಪ್ರಶ್ನೆ ಕೇಳಿದರೆ ಸಾಕು. ಮೊಜಾಂಬಿಕ್‌ನಂಥ ಬಡದೇಶ ಇದನ್ನು ಮಾಡಿ ತೋರಿಸಿದೆ. ಅಲ್ಲಿ ಬ್ಯಾಂಕು ಹಣ ಕಳಿಸುವ ಮುನ್ನ ಮೊಬೈಲ್ ಕಂಪನಿಯನ್ನು ಕೇಳುತ್ತದೆ: ಈ ನಂಬರಿನ ಸಿಮ್ ಈಚೆಗೆ ಬದಲಾಗಿದೆಯೇ? ಹೌದು ಅಥವಾ ಇಲ್ಲ, ಅಷ್ಟೇ ಉತ್ತರ. ಹೌದೆಂದಾದರೆ ವ್ಯವಹಾರ ನಿಲ್ಲುತ್ತದೆ. ಗ್ರಾಹಕರ ಹೆಸರು, ವಿಳಾಸ ಯಾವುದೂ ಕೈ ಬದಲಾಗುವುದಿಲ್ಲ. ನೂರು ಕೋಟಿಗೂ ಮೀರಿ ಮೊಬೈಲ್ ಸಂಪರ್ಕಗಳಿರುವ, ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಹಣ ದಾಟಿಸುವ ದೇಶಕ್ಕೆ ಇದು ಅಸಾಧ್ಯವೇ? ಪ್ರತಿ ಬ್ಯಾಂಕೂ ಪ್ರತಿ ವ್ಯವಹಾರಕ್ಕೂ ಈ ಪ್ರಶ್ನೆ ಕೇಳುವುದು ಕಡ್ಡಾಯವಾದರೆ ಕೌಂಟರಿನ ಹುಡುಗನ ಒಂದು ತಪ್ಪಿನಿಂದ ಯಾರ ಖಾತೆಯೂ ಬರಿದಾಗುವುದಿಲ್ಲ.

ಓಟಿಪಿಯೊಂದನ್ನೇ ನೆಚ್ಚಿಕೊಳ್ಳುವುದೂ ನಿಲ್ಲಬೇಕು. ಎಸ್ಸೆಮ್ಮೆಸ್ ಓಟಿಪಿ ದುರ್ಬಲವೆಂದು ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2016ರಲ್ಲೇ ಎಚ್ಚರಿಸಿತ್ತು. ರಿಸರ್ವ್ ಬ್ಯಾಂಕು 2025ರ ಸೆಪ್ಟೆಂಬರಿನಲ್ಲಿ ಹೊರಡಿಸಿದ, 2026ರ ಏಪ್ರಿಲ್ 1ರಿಂದ ಅನ್ವಯವಾಗುವ ನಿರ್ದೇಶನಗಳು ಓಟಿಪಿಗೆ ಪರ್ಯಾಯಗಳ ದಾರಿ ತೆರೆದಿವೆ. ಆದರೆ ಪರ್ಯಾಯವೆಂದರೆ ದುಬಾರಿ ಫೋನಿನ ಮುಖಚಹರೆಯ ಬೀಗವೊಂದೇ ಆಗಬಾರದು. ಕೀಪ್ಯಾಡ್ ಫೋನಿನವರೂ ಬ್ಯಾಂಕಿನ ಗ್ರಾಹಕರೇ.

ಇನ್ನೆರಡು ಕೆಲಸ ತುರ್ತಾಗಿ ಆಗಬೇಕು. ಮೊದಲನೆಯದು, ಒಂದೇ ಕರೆ. ಸೈಬರ್ ವಂಚನೆಗೆ 1930 ಇರುವಂತೆ, ಯಾರ ಫೋನಿನಿಂದಲಾದರೂ ಕರೆ ಮಾಡಿ ನಂಬರು ಹೇಳಿದರೆ ಸಿಮ್ ಬಂದ್ ಆಗಬೇಕು, ಆ ನಂಬರಿಗೆ ಜೋಡಿಸಿದ ಯುಪಿಐ ನಿಲ್ಲಬೇಕು, ಆ ಕರೆಯ ದಾಖಲೆ ಸಂಖ್ಯೆಯೇ ಠಾಣೆಯಲ್ಲೂ ಕೌಂಟರಿನಲ್ಲೂ ನಡೆಯಬೇಕು. ಯಾರೋ ಕಿಡಿಗೇಡಿ ಬೇರೆಯವರ ನಂಬರು ಬಂದ್ ಮಾಡಿಸಿದರೆ ಎಂಬ ಅನುಮಾನ ಬರಬಹುದು. ಹಾಗಾದರೂ ಹೋಗುವುದು ಕೆಲವು ಗಂಟೆಗಳ ಸಂಪರ್ಕ, ಕರೆ ಮಾಡಿದವನ ಗುರುತು ದಾಖಲೆಯಲ್ಲಿರುತ್ತದೆ. ಎರಡನೆಯದು, ನಂಬರು ಬಳಸುವವರ ಹಕ್ಕು. ಬೇರೆಯವರ ಹೆಸರಿನ ಸಿಮ್ಮನ್ನು ವರ್ಷಗಟ್ಟಲೆ ಬಳಸುತ್ತಿರುವ ಹೆಂಗಸರು, ಮುದುಕರು ಅದನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಗ್ರಾಮ ಪಂಚಾಯಿತಿಯಲ್ಲೋ ಗ್ರಾಮ ಒನ್ ಕೇಂದ್ರದಲ್ಲೋ ಉಚಿತವಾಗಿ ಅನುವು ಮಾಡಬೇಕು. ಸಿಮ್ ಕಳೆದ ಮೇಲೆ ಹೆಸರು ಬದಲಿಸುವುದು ಬೆಟ್ಟ ಹತ್ತಿದಂತೆ. ಸಿಮ್ ಕೈಯಲ್ಲಿರುವಾಗ, ಹೆಸರಿನವರೂ ಬಳಸುವವರೂ ಒಟ್ಟಿಗೆ ಬಂದಾಗ, ಅದು ಕಾಲು ಗಂಟೆಯ ಕೆಲಸ.

ಇವೆಲ್ಲ ಆಗುವವರೆಗೆ ದೃಶ್ಯ ಹೀಗೇ ಇರುತ್ತದೆ. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಹೊಸ ಸಿಮ್ ಫೋನಿನೊಳಗೆ ಕೂರುತ್ತದೆ, ಗೋಪುರದ ಗುರುತಿನ ಪಕ್ಕ ಒಂದೊಂದೇ ಗೆರೆ ಮೂಡುತ್ತದೆ. ಮೊದಲ ಕರೆ ಮನೆಗೆ. ಎಸ್ಸೆಮ್ಮೆಸ್ ಬರಲು ಇನ್ನೂ ಒಂದು ದಿನವಿದೆ. ಆ ಇಪ್ಪತ್ನಾಲ್ಕು ಗಂಟೆಗಳಲ್ಲಿ ಬ್ಯಾಂಕು ತಾನಾಗಿ ಈ ನಂಬರಿನ ಸಿಮ್ ಬದಲಾದದ್ದನ್ನು ತಿಳಿದುಕೊಂಡು, ಖಾತೆಗೆ ಕಾವಲು ಹಾಕಿ, ‘ಸಿಮ್ ಬದಲಿಸಿದ್ದು ನೀವೇನಾ?’ ಎಂದು ಕನ್ನಡದಲ್ಲಿ ಒಂದು ಕರೆ ಮಾಡಿ ಕೇಳಬಹುದಿತ್ತು. ಈಗ ಆ ಕರೆ ಬರುವುದಿಲ್ಲ. ಫೋನು ಕಳೆದುಕೊಂಡವರೇ ಪಾಸ್‌ಬುಕ್ಕಿನ ಹಿಂಬದಿಯಲ್ಲಿರುವ ಸಹಾಯವಾಣಿಯ ನಂಬರು ಹುಡುಕಿ, ಒಂದನ್ನು ಒತ್ತಿ, ಎರಡನ್ನು ಒತ್ತಿ, ಆ ಕಡೆಯಿಂದ ಯಾರಾದರೂ ಮಾತಾಡಲಿ ಎಂದು ಕಾಯುತ್ತಾರೆ.